ಎರಡು ಮನೆಗಳ ನಡುವಿನ ಸ್ವರ

ಚೆಲುವರಾಜು ನ್ಯೂಯಾರ್ಕಿನಲ್ಲಿ ದೋಸೆ ಹುಯ್ಯುವವನು. ಕ್ವೀನ್ಸಿನ ಜ್ಯಾಕ್ಸನ್ ಹೈಟ್ಸಿನಲ್ಲಿ ಎಪ್ಪತ್ತನಾಲ್ಕನೇ ಬೀದಿಯ ಸೀರೆ ಅಂಗಡಿಗಳನ್ನು ದಾಟಿ ಎಡಕ್ಕೆ ಹೊರಳಿದರೆ ಸುಬ್ಬುವಿನ ಹೋಟೆಲು. ಸುಬ್ಬು ಕುಂದಾಪುರದ ಕಡೆಯವನು. ಈ ಕಥೆ ಶುರುವಾಗುವ ಹೊತ್ತಿಗೆ ಅವನ ಅಡುಗೆಮನೆಯ ದೊಡ್ಡ ಕಲ್ಲಿನ ಮುಂದೆ ಚೆಲುವರಾಜು ಆರು ವರ್ಷ ನಿಂತಿದ್ದ. ದೋಸೆ ಹುಯ್ಯುವುದನ್ನು ಕಲಿತದ್ದೂ ಅಲ್ಲೇ. ಅದಕ್ಕೆ ಮುಂಚೆ ಅವನು ಪಿಟೀಲಿನವನು.

ನಂಜನಗೂಡಿನ ಓಲಗದವರ ಮನೆ ಅವನದು. ಅಪ್ಪ ಮದುವೆಗಳಲ್ಲಿ ಊದುತ್ತಿದ್ದ. ಊದಿ ಊದಿ ಮುಹೂರ್ತ ಮುಗಿಸಿ, ಎಲ್ಲರ ಪಂಕ್ತಿ ಎದ್ದ ಮೇಲೆ ಚಪ್ಪರದ ಹೊರಗೆ ಕೂತು ಉಣ್ಣುತ್ತಿದ್ದ. ಮಗ ಒಳಗೆ ಕೂತು ಬಾರಿಸುವ ವಾದ್ಯ ಕಲಿಯಲಿ ಎಂದು ಮೈಸೂರಿನ ಒಬ್ಬ ವಿದ್ವಾಂಸರ ಮನೆಗೆ ಬಿಟ್ಟ. ವಿದ್ವಾಂಸರು ಕಲಿಸಿದರು. ಸುಳ್ಳು ಹೇಳಬಾರದು, ಚೆನ್ನಾಗಿಯೇ ಕಲಿಸಿದರು. ಆದರೆ ಜಗಲಿಯ ಮೇಲೆ ಕೂರಿಸಿ ಕಲಿಸಿದರು. ನಡುಮನೆಯಲ್ಲಿ ಕೂತ ಹುಡುಗರು ಕಛೇರಿ ಮಾಡುವುದನ್ನು ಕಲಿತರು, ಜಗಲಿಯವನು ಪಕ್ಕವಾದ್ಯ ಕಲಿತ.

ಪಕ್ಕವಾದ್ಯದವನ ಕೆಲಸ ಹಾಡುವವನ ಬಾಯಿ ನೋಡುವುದು. ಅವನು ಬಿಟ್ಟ ಸ್ವರವನ್ನು ಕೂದಲೆಳೆಯಷ್ಟು ಹಿಂದೆ ಬಂದು ಹಿಡಿಯುವುದು. ಅವನು ಜಾರಿದರೆ ತಾನೂ ಜಾರಿ, ಆ ತಪ್ಪು ಸಭೆಗೆ ಗೊತ್ತಾಗದಂತೆ ಮುಚ್ಚಿಹಾಕುವುದು. ಈ ಕೊನೆಯ ವಿದ್ಯೆಯಲ್ಲಿ ಚೆಲುವರಾಜು ಮಹಾ ಜಾಣ. ಅದಕ್ಕಾಗಿಯೇ ಒಬ್ಬ ಹರಿಕಥೆ ದಾಸರು ಅವನನ್ನು ಹದಿನೈದು ವರ್ಷ ಜೊತೆಯಲ್ಲಿ ಇಟ್ಟುಕೊಂಡರು. ತೊಂಬತ್ತಮೂರರಲ್ಲಿ ನ್ಯೂಜೆರ್ಸಿ ಕಡೆಯ ಕನ್ನಡ ಸಂಘದವರು ದಾಸರನ್ನು ಕರೆಸಿದಾಗ ಇವನೂ ಬಂದ. ಎಂಟು ಊರು, ಎಂಟು ಕಥೆ. ದಾಸರು ಶಾಲುಗಳ ಗಂಟು ಕಟ್ಟಿಕೊಂಡು ವಾಪಸು ಹೋದರು, ಇವನು ಉಳಿದುಬಿಟ್ಟ. ವೀಸಾ ಮುಗಿಯಿತು. ಒಮ್ಮೆ ಈ ದೇಶ ಬಿಟ್ಟರೆ ಮತ್ತೆ ಕಾಲಿಡುವ ಹಾಗಿರಲಿಲ್ಲ.

ನಂಜನಗೂಡಿನಲ್ಲಿದ್ದ ಹೆಂಡತಿ ಜವರಮ್ಮ ತೊಂಬತ್ತೇಳರಲ್ಲಿ ಕಾಮಾಲೆಯಾಗಿ ತೀರಿಕೊಂಡಳು. ಹೋಟೆಲಿನ ಫೋನಿಗೆ ಸುದ್ದಿ ಬಂತು. ಕಲ್ಲಿನ ಮೇಲೆ ಆರು ದೋಸೆ ಇದ್ದವು. ಅವನು ಆರನ್ನೂ ಮಗುಚಿ, ಮಡಚಿ, ತಟ್ಟೆಗೆ ಹಾಕಿ, ಆಮೇಲೆ ಸುಬ್ಬುವಿಗೆ ಹೇಳಿದ. ಸುಬ್ಬು ಮನೆಗೆ ಹೋಗು ಎಂದ. ಯಾವ ಮನೆಗೆ? ಏಪ್ರನ್ ಬಿಚ್ಚದೆ ಸಂಜೆಯವರೆಗೂ ಕೆಲಸ ಮಾಡಿದ. ಅಳಲಿಲ್ಲ. ಹಾಗೆಂದು ಗಟ್ಟಿ ಮನುಷ್ಯ ಎಂದುಕೊಳ್ಳಬೇಡಿ. ಬಹಳ ಹೊತ್ತು ಮಡಚಿ ಕೂತ ಕಾಲಿನಂತೆ ಒಳಗೆಲ್ಲ ಜೋಮು ಹಿಡಿದಿತ್ತು. ಪಿಟೀಲು ಉಗ್ರಾಣದಲ್ಲಿ ಅಕ್ಕಿಮೂಟೆಗಳ ಹಿಂದೆ ಎರಡು ವರ್ಷ ಬಿದ್ದಿತ್ತು.

ಆ ಹೊತ್ತಿಗೆ ಕಂಪ್ಯೂಟರಿನ ಸುಗ್ಗಿ ಶುರುವಾಗಿತ್ತು. ಹೋಟೆಲಿಗೆ ಬರುವ ಕನ್ನಡದ ಹುಡುಗರೆಲ್ಲ ವೈಟುಕೆ, ಹೆಚ್‌ವನ್, ಸ್ಟಾಕ್ ಆಪ್ಷನ್ ಎಂದು ಮಾತಾಡುತ್ತಾ ಸಾಂಬಾರಿಗೆ ಇಡ್ಲಿ ಅದ್ದುತ್ತಿದ್ದರು. ಚೆಲುವರಾಜುವಿಗೆ ಅದರಲ್ಲಿ ಒಂದಕ್ಷರವೂ ತಿಳಿಯುತ್ತಿರಲಿಲ್ಲ.

ಮಂಗಳವಾರ ಹೋಟೆಲಿಗೆ ರಜೆ. ಆ ದಿನ ಅವನು ರೂಸ್‌ವೆಲ್ಟ್ ಅವೆನ್ಯೂ ಹಿಡಿದು ಸುಮ್ಮನೆ ನಡೆಯುತ್ತಿದ್ದ. ತಲೆಯ ಮೇಲೆ ಏಳನೇ ನಂಬರಿನ ರೈಲು ಗಡಗಡ ಹೋಗುತ್ತಿರುತ್ತದೆ. ಕಾಲು ಗಂಟೆ ನಡೆದರೆ ವುಡ್‌ಸೈಡ್ ಬರುತ್ತದೆ, ಅದು ಐರಿಶ್ ಜನರ ಕೇರಿ. ತೊಂಬತ್ತೊಂಬತ್ತರ ಏಪ್ರಿಲ್ಲಿನ ಒಂದು ಮಧ್ಯಾಹ್ನ ಅಲ್ಲಿಯ ಒಂದು ಪಬ್ಬಿನ ತೆರೆದ ಬಾಗಿಲಿನಿಂದ ಪಿಟೀಲು ಕೇಳಿಸಿತು. ಒಳಗೆ ಹೋಗಿ, ಒಂದು ಸೋಡಾ ತೆಗೆದುಕೊಂಡು ಮೂಲೆಯಲ್ಲಿ ಕೂತ.

ಏಳೆಂಟು ಜನ ಒಂದು ಮೇಜಿನ ಸುತ್ತ ಕೂತು ಬಾರಿಸುತ್ತಿದ್ದರು. ವೇದಿಕೆ ಇಲ್ಲ, ಮೈಕಿಲ್ಲ, ಮುಂದೆ ಕಾಗದವಿಲ್ಲ. ಯಾರಿಗೆ ಮನಸ್ಸು ಬರುತ್ತದೋ ಅವರು ಒಂದು ಧಾಟಿ ಶುರು ಮಾಡುತ್ತಿದ್ದರು, ಗೊತ್ತಿದ್ದವರು ಸೇರಿಕೊಳ್ಳುತ್ತಿದ್ದರು. ಮೂರು ಸಲ ಬಾರಿಸಿ ಬಿಡುವುದು, ಆಮೇಲೆ ಇನ್ನೊಬ್ಬರ ಸರದಿ. ಚೆಲುವರಾಜು ದಂಗಾದ. ಯಾರು ಬೇಕಾದರೂ ಶುರು ಮಾಡಬಹುದಾದ ಸಂಗೀತವನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮೂವತ್ತು ವರ್ಷ ಪಿಟೀಲು ಹಿಡಿದಿದ್ದರೂ ನಾಲ್ಕು ಜನರೆದುರು ಒಂದು ಸಲವೂ ಅವನು ಮೊದಲು ಶುರು ಮಾಡಿದವನಲ್ಲ. ಒಂದು ಸಲ ತಾನೂ ಶುರು ಮಾಡಬೇಕು ಎಂಬ ಆಸೆ ಆವತ್ತು ಹುಟ್ಟಿತು. ಜವರಮ್ಮ ಸತ್ತ ಮೇಲೆ ಅವನಿಗೆ ಏನಾದರೂ ಬೇಕು ಅನ್ನಿಸಿದ್ದು ಅದೊಂದೇ.

ನಾಲ್ಕು ವಾರ ಬರೀ ಕೇಳಿದ. ಐದನೆಯ ವಾರ ಅಕ್ಕಿಮೂಟೆಯ ಹಿಂದಿನಿಂದ ಪಿಟೀಲು ತೆಗೆದು, ತಂತಿ ಬದಲಾಯಿಸಿ, ಅವರ ಶ್ರುತಿಗೆ ಕೂಡಿಸಿಕೊಂಡು ಹೋದ. ನಮ್ಮವರಿಗೆ ನೆಲ ಬೇಕು, ಪಿಟೀಲಿನ ತಲೆಯನ್ನು ಪಾದದ ಮೇಲೆ ಊರಬೇಕು. ಪಬ್ಬಿನಲ್ಲಿ ನೆಲದ ಮೇಲೆ ಕೂರಲಾದೀತೇ? ಒಂದು ಶೂ ಬಿಚ್ಚಿ, ಬೆಂಚಿನ ಮೇಲೆ ಬಲಗಾಲು ಮಡಚಿಕೊಂಡು ಕೂತ. ಕಾಲ್ಚೀಲದಲ್ಲಿ ತೂತಿತ್ತು. ಯಾರೋ ನಕ್ಕರು, ಯಾರೂ ಏಳು ಎನ್ನಲಿಲ್ಲ.

ಆ ಮೇಜಿಗೆ ಹಿರಿಯಳು ಮಾರ್ಗರೆಟ್. ಎಪ್ಪತ್ತರ ಆಸುಪಾಸು. ಐರ್ಲೆಂಡಿನ ಪಶ್ಚಿಮದ ಹಳ್ಳಿಯಿಂದ ಹದಿನೆಂಟಕ್ಕೆ ಬಂದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾದವಳು. ಕುಡಿಯುವುದು ಟೀ, ಬೈಯುವುದು ಧಾರಾಳ. ಅವಳು ಬಾರಿಸತೊಡಗಿದಾಗ ಚೆಲುವರಾಜು ಸೇರಿಕೊಂಡ. ಎರಡು ಸಾಲು ಆಗಿರಬೇಕು, ಅವಳು ಕಮಾನು ಎತ್ತಿ ನಿಲ್ಲಿಸಿದಳು.

"ನನ್ನನ್ನು ಅಣಕಿಸುತ್ತಿದ್ದೀಯಾ?"

"ನೋ ಮೇಡಂ. ಫಾಲೋಯಿಂಗ್," ಎಂದ ಇವನು.

ಆಗಿದ್ದಿಷ್ಟೇ. ಅವಳು ಬಾರಿಸಿದ ಪ್ರತಿ ಸ್ವರವನ್ನೂ ಇವನು ಪಕ್ಕವಾದ್ಯದ ಕ್ರಮದಲ್ಲಿ ಕೂದಲೆಳೆ ಹಿಂದೆ ಹಿಡಿಯುತ್ತಾ ಹೋಗಿದ್ದ. ನಮ್ಮಲ್ಲಿ ಅದು ಮರ್ಯಾದೆ. ಅವಳ ಕಿವಿಗೆ ಅದು ಯಾರೋ ಹಿಂದೆ ನಿಂತು ಮೂದಲಿಸಿದ ಹಾಗೆ ಕೇಳಿಸಿತ್ತು.

"ಇಲ್ಲಿ ಯಾರೂ ಯಾರ ಹಿಂದೆಯೂ ಬರುವುದಿಲ್ಲ. ಜೊತೆಗೆ ಬಾ, ಇಲ್ಲದಿದ್ದರೆ ಸುಮ್ಮನೆ ಕೂತು ಕೇಳು," ಎಂದಳು ಮಾರ್ಗರೆಟ್.

ಹಿಂದೆ ಬರುವ ಚಟ ಬಿಡುವುದಕ್ಕೆ ಅವನಿಗೆ ಐದಾರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಚೆಲುವ ಅನ್ನಲು ನಾಲಿಗೆ ಹೊರಳದ ಆ ಜನರ ಬಾಯಲ್ಲಿ ಚಾರ್ಲಿ ಆಗಿದ್ದ.

ಮಾರ್ಗರೆಟ್ ಆಗಾಗ ಒಂದು ಧಾಟಿ ಬಾರಿಸುತ್ತಿದ್ದಳು. ರೀಲ್ ಎಂಬ ಕುಣಿತದ ಧಾಟಿ. ಅದಕ್ಕೆ ಹೆಸರಿರಲಿಲ್ಲ, ಅಮ್ಮನ ರೀಲ್ ಎನ್ನುತ್ತಿದ್ದಳು. ಅವಳ ಅಮ್ಮ ಹಸು ಕರೆದು ಬಂದು ಅಡುಗೆಮನೆಯಲ್ಲಿ ಬಾರಿಸುತ್ತಿದ್ದದ್ದಂತೆ. ಅದರ ಎರಡನೆಯ ಭಾಗದಲ್ಲಿ ಒಂದು ಸ್ವರ ಬರುತ್ತದೆ. ನಮ್ಮ ಲೆಕ್ಕದಲ್ಲಿ ನಿಷಾದ, ಅವರ ಲೆಕ್ಕದಲ್ಲಿ ಸಿ. ಹಾರ್ಮೋನಿಯಂ ನೋಡಿದವರಿಗೆ ಗೊತ್ತು, ಅದರಲ್ಲಿ ಒಂದೊಂದು ಸ್ವರಕ್ಕೂ ಒಂದೊಂದು ಮನೆ. ತಗ್ಗಿನ ನಿಷಾದಕ್ಕೆ ಒಂದು ಮನೆ, ಏರಿದ ನಿಷಾದಕ್ಕೆ ಪಕ್ಕದ ಮನೆ. ಮಾರ್ಗರೆಟ್ ಹಿಡಿಯುತ್ತಿದ್ದ ಸ್ವರ ಎರಡೂ ಮನೆಗೆ ಸೇರಿದ್ದಲ್ಲ. ಎರಡರ ನಡುವಿನ ಸಂದಿನಲ್ಲಿ ನಿಂತಿರುತ್ತಿತ್ತು. ಅವಳೊಟ್ಟಿಗೆ ಬಾರಿಸುವವರೆಲ್ಲ ಏರಿದ ಮನೆಗೇ ಬೆರಳಿಡುತ್ತಿದ್ದರು. ಅವಳದು ಅವರ ಸದ್ದಿನಡಿ ಮುಳುಗಿಹೋಗುತ್ತಿತ್ತು.

ಚೆಲುವರಾಜುವಿನ ಕಿವಿ ಗಮಕದಲ್ಲಿ ಬೆಳೆದದ್ದು. ಅವನಿಗೆ ಅದು ಮೊದಲ ದಿನವೇ ಕೇಳಿಸಿತ್ತು. ಒಂದು ಮಂಗಳವಾರ ಬೇರೆಯವರು ಬರುವ ಮುಂಚೆ ಆ ಸಾಲನ್ನು ತನ್ನಷ್ಟಕ್ಕೆ ತಾನು ಬಾರಿಸಿ ನೋಡುತ್ತಿದ್ದ. ಮಾರ್ಗರೆಟ್ ಕೋಟು ಬಿಚ್ಚುತ್ತಿದ್ದವಳು ಒಂದು ತೋಳು ಒಳಗಿರುವಾಗಲೇ ನಿಂತುಬಿಟ್ಟಳು. ಮತ್ತೆ ಬಾರಿಸು ಎಂದಳು. ಬಾರಿಸಿದ. ಇನ್ನೊಮ್ಮೆ ಎಂದಳು.

"ಅಲ್ಲಾಡಿಸಬೇಡ," ಎಂದಳು ಆಮೇಲೆ. "ಅದು ನಿಂತ ಸ್ವರ."

ಪಾಠ ಅಲ್ಲಿಂದ ಶುರುವಾಯಿತು. ನಮ್ಮಲ್ಲಿ ಸಂದಿನ ಸ್ವರ ತೋರಿಸಬೇಕಾದರೆ ಬೆರಳನ್ನು ತೂಗುತ್ತೇವೆ, ಆಚೆ ಈಚೆ ತೂಗುವಾಗ ನಡುವಿನದು ಹೊಳೆದು ಹೋಗುತ್ತದೆ. ಇಲ್ಲಿ ತೂಗುವ ಹಾಗಿಲ್ಲ. ಆಸರೆಯೇ ಇಲ್ಲದ ಜಾಗದಲ್ಲಿ ಬೆರಳನ್ನು ನೆಟ್ಟಗೆ ನಿಲ್ಲಿಸಬೇಕು. ಮೂವತ್ತು ವರ್ಷದ ಬೆರಳಿಗೆ ಇದು ಸುಲಭವಾಗಿ ಬರಲಿಲ್ಲ. ಮಂಗಳವಾರ ಎರಡು ಗಂಟೆಗೆ ಅವಳ ಮನೆಗೆ ಹೋಗುತ್ತಿದ್ದ. ಒಂದೇ ಸೋಫಾದ ಮೇಲೆ ಪಕ್ಕದಲ್ಲಿ ಕೂರಿಸಿ, ಟೀ ಕೊಟ್ಟು, ಸಾಲು ಸಾಲಾಗಿ ಬೈದು ಹೇಳಿಕೊಟ್ಟಳು. ಇದನ್ನೆಲ್ಲ ನನಗೆ ಹೇಳುವಾಗ ಸೋಫಾದ ವಿಷಯ ಅವನು ಎರಡು ಸಲ ಹೇಳಿದ, ಅದಕ್ಕೇ ಬರೆದೆ.

ಪೂರ್ತಿ ಬಂದ ದಿನ ನೀನೇ ಶುರು ಮಾಡು ಎಂದು ಅವಳು ಮಾತು ಕೊಟ್ಟಳು. ಜೊತೆಗೆ ಇನ್ನೊಂದೂ ಹೇಳಿದಳು: ತನ್ನ ಮಕ್ಕಳಲ್ಲಿ ಯಾರೂ ವಾದ್ಯ ಮುಟ್ಟಿಲ್ಲ, ಊರಿನಲ್ಲಿ ಅಮ್ಮನ ಸರೀಕರು ಯಾರೂ ಉಳಿದಿಲ್ಲ. ಈ ಸ್ವರ ತನ್ನ ಬೆರಳಿನಲ್ಲಿದೆ, ಈಗ ನಿನ್ನ ಬೆರಳಿನಲ್ಲಿದೆ, ಅಷ್ಟೇ.

ಎರಡು ಸಾವಿರದ ಜನವರಿಯಲ್ಲಿ ಮಾರ್ಗರೆಟ್ ಮನೆ ಮೆಟ್ಟಿಲ ಮೇಲಿನ ಐಸಿಗೆ ಜಾರಿ ಬಿದ್ದಳು. ಎಡ ಮಣಿಕಟ್ಟು ಮುರಿಯಿತು. ಮೂಳೆ ಕೂಡಿಕೊಳ್ಳುತ್ತದೆ, ಬೆರಳು ಮೊದಲಿನಂತೆ ಓಡುವುದಿಲ್ಲ ಎಂದರು ಡಾಕ್ಟರು. ಅವಳು ಬ್ಯಾಂಡೇಜಿನ ಕೈ ಮಡಿಲಲ್ಲಿ ಇಟ್ಟುಕೊಂಡು ಪಬ್ಬಿಗೆ ಬಂದು ಕೂರತೊಡಗಿದಳು. ಈಗ ಆ ಸ್ವರವಿದ್ದದ್ದು ಜ್ಯಾಕ್ಸನ್ ಹೈಟ್ಸಿನ ದೋಸೆಯವನೊಬ್ಬನ ಹತ್ತಿರ.

ಮೇಜಿನವರಲ್ಲಿ ಡೆಕ್ಲನ್ ಎಂಬುವನಿದ್ದ. ಮೂವತ್ತರ ಒಳಗಿನವನು, ಹಗಲು ಮ್ಯಾನ್‌ಹಟನ್ನಿನ ಒಂದು ಡಾಟ್‌ಕಾಮ್ ಕಂಪನಿಯಲ್ಲಿ ವೆಬ್‌ಸೈಟ್ ಮಾಡುವ ಕೆಲಸ, ಮಂಗಳವಾರ ಮಧ್ಯಾಹ್ನ ತಪ್ಪಿಸಿಕೊಂಡು ಬಂದು ಅಕಾರ್ಡಿಯನ್ ನುಡಿಸುತ್ತಿದ್ದ. ಒಳ್ಳೆಯ ಹುಡುಗ, ಚುರುಕು ಕೈ. ಹಳೆಯದನ್ನು ಹೊಸದು ಮಾಡಬೇಕು ಎಂಬುದು ಅವನ ಹಟ. ಅದರಲ್ಲಿ ತಪ್ಪೇನೂ ಇಲ್ಲ. ಅವನು ಒಂದು ಸಿಡಿ ಮಾಡುವವನಿದ್ದ, ಅದರಲ್ಲಿ ಚಾರ್ಲಿಯ ಇಂಡಿಯನ್ ಪಿಟೀಲು ಬೇಕು ಎಂದ. ಎಲ್ಲಿ ಬೇಕಾದರೂ ಜಾರಿಸು, ಎಷ್ಟು ಬೇಕಾದರೂ ತೂಗು, ಅಮ್ಮನ ರೀಲಿನ ಆ ಸಿ ಒಂದನ್ನು ಮಾತ್ರ ಸರಿಯಾಗಿ ಹಿಡಿ ಎಂದ. ಅವನ ಅಕಾರ್ಡಿಯನ್ನಿನಲ್ಲಿ ಸಂದಿಗೆ ಗುಂಡಿ ಇರಲಿಲ್ಲ. ಇಡೀ ಧಾಟಿಯಲ್ಲಿ ಇಲ್ಲದ ಕಡೆಯೆಲ್ಲ ಮಸಾಲೆ ಹಾಕಲು ಒಪ್ಪಿಗೆ, ಇರುವ ಕಡೆ ಮಾತ್ರ ಬೇಡ. ಚೆಲುವರಾಜು ತಲೆಯಾಡಿಸಿದ. ಹೌದು ಅಂತಲೋ ಇಲ್ಲ ಅಂತಲೋ ಡೆಕ್ಲನ್ನಿಗೆ ಗೊತ್ತಾಗಲಿಲ್ಲ.

ಸುದ್ದಿ ಹೋಟೆಲಿನ ಮೂಲಕ ದ್ವಾರಕಾನಾಥನಿಗೆ ಮುಟ್ಟಿತು. ಈತ ನ್ಯೂಜೆರ್ಸಿಯ ವುಡ್‌ಬ್ರಿಡ್ಜಿನವನು, ಕಂಪನಿಗಳಿಗೆ ಸಾಫ್ಟ್‌ವೇರ್ ಹುಡುಗರನ್ನು ಒದಗಿಸುವ ಉದ್ಯೋಗ, ಆ ವರ್ಷ ಅಲ್ಲಿಯ ಕನ್ನಡ ಸಂಘದ ಅಧ್ಯಕ್ಷ. ಯುಗಾದಿ ಊಟ ಸುಬ್ಬುವಿನದೇ. ಅದನ್ನು ಮಾತಾಡಲು ಬಂದವನು ಅಡುಗೆಮನೆಗೆ ತಲೆ ಹಾಕಿದ.

"ಏನಯ್ಯಾ ಚೆಲುವ, ಐರಿಶ್‌ನೋರ್ ಜೊತೆ ಬಾರಿಸ್ತೀಯಂತೆ? ನಮಗೊಂದು ಐಟಂ ಕೊಡು. ಫ್ಯೂಷನ್. ಮಿಲೇನಿಯಂ ಯುಗಾದಿ, ಏನಾದ್ರೂ ಡಿಫರೆಂಟಾಗಿ ಇರ್ಬೇಕು."

"ನಾನೇ ಶುರು ಮಾಡ್ಬೋದಾ ಸಾರ್?" ಎಂದ ಚೆಲುವರಾಜು, ಹಿಟ್ಟಿನ ಸೌಟು ಹಿಡಿದುಕೊಂಡೇ.

"ಯಾರಾದ್ರೂ ಶುರು ಮಾಡ್ರಪ್ಪ, ಟೆನ್ ಮಿನಿಟ್ಸ್ ಒಳಗೆ ಮುಗಿಸಿ. ನಮ್ಮ ಹಂಸಿನಿ ಕೀಬೋರ್ಡ್ ನುಡಿಸ್ತಾಳೆ."

ಹಂಸಿನಿ ಅವನ ಮಗಳು, ಹದಿನಾಲ್ಕು ವರ್ಷ. ಜೊತೆಗೆ ಬರಲು ಒಪ್ಪಿದ ಡೆಕ್ಲನ್ ಅವಳಿಗೆ ಅಮ್ಮನ ರೀಲನ್ನು ಕಾಗದದ ಮೇಲೆ ಬರೆದು ಕಳಿಸಿದ. ಕಾಗದದಲ್ಲಿಯೂ ಸಂದಿಗೆ ಜಾಗವಿರಲಿಲ್ಲ.

ಏಪ್ರಿಲ್ಲಿನ ಒಂದು ಭಾನುವಾರ ಮಧ್ಯಾಹ್ನ, ವುಡ್‌ಬ್ರಿಡ್ಜ್ ಹತ್ತಿರದ ಒಂದು ಹೈಸ್ಕೂಲಿನ ಸಭಾಂಗಣ. ಮಾರ್ಗರೆಟ್ ಸುಬ್ಬುವಿನ ವ್ಯಾನಿನಲ್ಲಿ ಪಾತ್ರೆಗಳ ಜೊತೆ ಬಂದಳು. ಚೆಲುವರಾಜು ಮೂರು ಗಂಟೆಯವರೆಗೆ ಬಿಸಿಬೇಳೆಬಾತ್ ಬಡಿಸಿ, ಕ್ಯಾಂಟೀನಿನ ಸಿಂಕಿನಲ್ಲಿ ಕೈ ತೊಳೆದು, ಅಲ್ಲೇ ಅಂಗಿ ಬದಲಾಯಿಸಿ ವೇದಿಕೆಗೆ ಹೋದ. ಐದು ನಿಮಿಷದ ಮುಂಚೆ ಇನ್ನೊಂದು ಸೌಟು ಹಾಕಯ್ಯ ಎಂದವರೇ ಮುಂದೆ ಕೂತಿದ್ದರು. ನಿರೂಪಣೆಯ ಹೆಂಗಸು ಹೆಸರು ಓದಿದಳು: ಕೀಬೋರ್ಡ್ ಕುಮಾರಿ ಹಂಸಿನಿ, ಅಕಾರ್ಡಿಯನ್ ಮಿಸ್ಟರ್ ಡೆಕ್ಲನ್, ಪಕ್ಕವಾದ್ಯ ಚೆಲುವರಾಜು.

ಆದರೂ ಶುರು ಮಾಡಿದ್ದು ಅವನೇ. ಮೊದಲ ಸುತ್ತು ಒಬ್ಬನೇ ಬಾರಿಸಿದ. ಎರಡನೆಯ ಭಾಗ ಬಂತು, ಬೆರಳು ಸಂದಿನಲ್ಲಿ ನಿಂತಿತು, ಅಲ್ಲಾಡಲಿಲ್ಲ. ಎರಡನೆಯ ಸುತ್ತಿಗೆ ಹುಡುಗಿಯೂ ಡೆಕ್ಲನ್ನನೂ ಸೇರಿಕೊಂಡರು. ಆ ಸ್ವರ ಬಂದಾಗ ಅವರಿಬ್ಬರದು ಏರಿದ ಮನೆ, ಇವನದು ಸಂದು. ಸ್ಪೀಕರುಗಳಲ್ಲಿ ಕರಕ್ ಎಂದಿತು. ಹಂಸಿನಿ ತಾನೇ ತಪ್ಪಿದೆ ಎಂದುಕೊಂಡು ಬೆಚ್ಚಿ ತನ್ನ ಬೆರಳು ನೋಡಿಕೊಂಡಳು. ಮೂರನೆಯ ಸುತ್ತಿನಲ್ಲಿ ಚೆಲುವರಾಜುವಿನ ಬೆರಳು ಸದ್ದಿಲ್ಲದೆ ಮೇಲೆ ಜಾರಿ ಅವರ ಮನೆಗೆ ಸೇರಿಕೊಂಡಿತು. ಸಭೆಗೆ ಏನೂ ಗೊತ್ತಾಗಲಿಲ್ಲ. ಜೋರು ಚಪ್ಪಾಳೆ. ದ್ವಾರಕಾನಾಥ ಮೂವರಿಗೂ ಶಾಲು ಹೊದಿಸಿದ.

ವಾಪಸು ಬರುವಾಗ ಖಾಲಿ ಪಾತ್ರೆಗಳು ಹಿಂದೆ ಗಡಗಡ ಎನ್ನುತ್ತಿದ್ದವು. ಸುಬ್ಬು ಡ್ರೈವ್ ಮಾಡುತ್ತಿದ್ದ. ಸೇತುವೆ ದಾಟಿದರು. ಮಾರ್ಗರೆಟ್ ಕೇಳಿದಳು, ಬೆರಳು ಜಾರಿತೋ, ಜಾರಿಸಿದೆಯೋ ಎಂದು.

ಜಾರಿಸಿದೆ ಎಂದ. ತನಗೆ ಬರುವ ಅಷ್ಟು ಇಂಗ್ಲಿಷಿನಲ್ಲಿ ವಿವರಿಸಿದ: ಚಿಕ್ಕ ಹುಡುಗಿ, ಅವಳಪ್ಪನ ಸಭೆ, ಎಲ್ಲರೆದುರು ಅವಳು ತಪ್ಪು ಅಂತಾಗಬಾರದು.

"ಸರಿ," ಎಂದಳು ಮಾರ್ಗರೆಟ್. "ಹಾಗಾದರೆ ನನ್ನಮ್ಮ ತಪ್ಪು."

ಸುಬ್ಬು ಕನ್ನಡಿಯಲ್ಲಿ ನೋಡಿ ಕನ್ನಡದಲ್ಲಿ ಕೇಳಿದ, "ಎಂತ ಮಾರಾಯ, ಅಜ್ಜಿಗೆ ಸಿಟ್ಟು ಬಂತಾ? ಪಾಯಸ ಕಟ್ಟಿಕೊಡ್ಲಾ?"

"ಪಾಯ್ಸುದ್ದಲ್ಲ ಕಣಣ್ಣ," ಎಂದ ಚೆಲುವರಾಜು.

ಮುಂದಿನ ಮಂಗಳವಾರ ಪಬ್ಬಿನಲ್ಲಿ ಮಾರ್ಗರೆಟ್ ತನ್ನ ಜಾಗದಲ್ಲಿ ಕೂತಿದ್ದಳು. ಬ್ಯಾಂಡೇಜ್ ಬಿಚ್ಚಿದ್ದರು, ಕೈ ಸಣ್ಣಗಾಗಿತ್ತು. ಅವಳು ಇವನ ಕಡೆ ನೋಡಲಿಲ್ಲ. ಎರಡು ಧಾಟಿ ಆದವು. ಮೂರನೆಯದಕ್ಕೆ ಮೇಜು ಸುಮ್ಮನಾದಾಗ ಚೆಲುವರಾಜು ಯಾರ ಮುಖವನ್ನೂ ನೋಡದೆ ಅಮ್ಮನ ರೀಲ್ ಶುರು ಮಾಡಿದ.

ಎಲ್ಲರೂ ಸೇರಿಕೊಂಡರು. ಎರಡನೆಯ ಭಾಗ. ಏಳು ಜನರದು ಏರಿದ ಮನೆ. ಇವನದು ಸಂದು. ಈ ಸಲ ಬೆರಳು ಜಾರಲಿಲ್ಲ. ಪಬ್ಬಿನವನು ಲೋಟ ಒರೆಸುತ್ತಿದ್ದವನು ತಲೆ ಎತ್ತಿ ನೋಡುವಷ್ಟು ಕೆಟ್ಟದಾಗಿ ಕೇಳಿಸಿತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಕೆಟ್ಟದಾಗಿಯೇ ಇತ್ತು. ಮತ್ತೆ ಅದೇ ಜಾಗ ಬಂತು, ಮತ್ತೆ ಅದೇ ಕರಕರ. ಡೆಕ್ಲನ್ ಅಕಾರ್ಡಿಯನ್ ನಿಲ್ಲಿಸಿದ.

"ಚಾರ್ಲಿ, ನಿನ್ನದು ಅಪಸ್ವರ," ಎಂದ. ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಶೂ ಲೇಸ್ ಬಿಚ್ಚಿದೆ ಎಂದು ಹೇಳುವ ಹಾಗೆ ಹೇಳಿದ.

ಪಿಟೀಲಿನವನಿಗೆ ಅದಕ್ಕಿಂತ ಕೀಳು ಬೈಗುಳವಿಲ್ಲ. ವಿದ್ವಾಂಸರು, ದಾಸರು, ಹದಿನೈದು ವರ್ಷದ ಸಭೆಗಳು, ಯಾರೂ ಅವನನ್ನು ಆ ಮಾತು ಅಂದಿರಲಿಲ್ಲ. ಅನ್ನಿಸಿಕೊಳ್ಳದ ಹಾಗೆ ಅವನು ಬದುಕಿದ್ದ. ಕಮಾನು ನಿಲ್ಲಲಿಲ್ಲ. ಒಬ್ಬೊಬ್ಬರೇ ವಾದ್ಯ ಇಳಿಸಿದರು. ಒಬ್ಬ ಸಿಗರೇಟು ಹಚ್ಚಿದ. ಎರಡನೆಯ ಸುತ್ತಿನ ಅರ್ಧದಿಂದ ಮುಂದೆ ಅವನು ಒಬ್ಬನೇ ಇದ್ದ. ಒಬ್ಬನೇ ಇರುವಾಗ ಆ ಸ್ವರದಲ್ಲಿ ಯಾವ ತಕರಾರೂ ಇರಲಿಲ್ಲ. ಮೂರನೆಯ ಸುತ್ತನ್ನೂ ಬಾರಿಸಿ, ನಿಲ್ಲಿಸಿದ.

ಯಾರೂ ಚಪ್ಪಾಳೆ ತಟ್ಟಲಿಲ್ಲ, ಆ ಮೇಜಿನಲ್ಲಿ ಅದರ ಪದ್ಧತಿಯೂ ಇಲ್ಲ. ಕೊಳಲಿನವನು ಬೇರೆ ಧಾಟಿ ಶುರು ಮಾಡಿದ, ಎಲ್ಲರೂ ಅದಕ್ಕೆ ಸೇರಿಕೊಂಡರು. ಚೆಲುವರಾಜುವೂ ಸೇರಿಕೊಂಡ.

ಮಾರ್ಗರೆಟ್ ಹೋಗುವಾಗ ಅವನ ಬೆಂಚಿನ ಬಳಿ ನಿಂತು, ಮೊದಲ ಭಾಗದಲ್ಲಿ ಕಮಾನು ಅವಸರವಾಯಿತು, ಮುಂದಿನ ವಾರ ಸರಿ ಮಾಡಿಕೋ ಎಂದಳು.

"ಯಾರೂ ಜೊತೆಗೆ ಬರಲಿಲ್ಲ," ಎಂದ ಇವನು.

"ಬರಲಿಲ್ಲ," ಎಂದಳು ಅವಳು, ಆಮೇಲೆ ಕೋಟಿನ ಗುಂಡಿ ಹಾಕಿಕೊಳ್ಳುವುದಕ್ಕೆ ಒದ್ದಾಡಿದಳು. ಅವನು ಹಾಕಿಕೊಟ್ಟ.

ಡೆಕ್ಲನ್ನಿನ ಸಿಡಿ ಆ ಬೇಸಿಗೆಯಲ್ಲಿ ಬಂತು, ಅಮ್ಮನ ರೀಲ್ ಅದರಲ್ಲಿದೆ, ಚೆಲುವರಾಜು ಅದರಲ್ಲಿಲ್ಲ. ಮುಂದಿನ ಚಳಿಗಾಲಕ್ಕೆ ಡಾಟ್‌ಕಾಮ್ ಕಂಪನಿಗಳು ಬಾಗಿಲು ಹಾಕತೊಡಗಿದವು, ಡೆಕ್ಲನ್ನಿನ ಕೆಲಸ ಹೋಯಿತು. ಸುಬ್ಬುವಿನ ಹೋಟೆಲಿನಲ್ಲಿ ಸ್ಟಾಕಿನ ಮಾತೂ ನಿಂತಿತು. ಮಂಗಳವಾರದ ಮೇಜು ಮಾತ್ರ ನಡೆಯುತ್ತಿತ್ತು. ಚೆಲುವರಾಜು ಪ್ರತಿ ವಾರ ಒಂದು ಸಲ ಅಮ್ಮನ ರೀಲ್ ಶುರು ಮಾಡುತ್ತಿದ್ದ. ಶುರು ಮಾಡಿದ ಕೂಡಲೇ ಉಳಿದವರು ವಾದ್ಯಗಳನ್ನು ಮಡಿಲಲ್ಲಿ ಇಟ್ಟು ಬಿಯರಿಗೋ ಬಚ್ಚಲಿಗೋ ಎದ್ದು ಹೋಗುತ್ತಿದ್ದರು. ಅದೂ ಆ ಪಬ್ಬಿನ ಒಂದು ಪದ್ಧತಿಯಾಗಿ ನಿಂತಿತು.

ಆವತ್ತು ಪಬ್ಬಿನಲ್ಲಿ ಮೊದಲ ಸಲ ಶುರು ಮಾಡಿ, ಜೊತೆಯವರು ಬಿಟ್ಟುಹೋದಾಗ ಏನನ್ನಿಸಿತು ಎಂದು ನಾನು ಕೇಳಿದ್ದುಂಟು.

"ಏನೂ ಅನ್ನುಸ್ಲಿಲ್ಲ ಕಣಣ್ಣ. ಅವ್ರು ನಿಲ್ಸುದ್ರು. ನಂಗೆ ಇನ್ನೂ ಒಂದ್ಸುತ್ತು ಬಾಕಿ ಇತ್ತು."